ಗಡ್ಡೆಯ ಪೈ, ಲಂಡನ್ನಿನ ವೇಳೆ

ಪ್ರಶ್ನೆ: ನಮ್ಮದು ವಿರೂಪಾಪುರಗಡ್ಡೆ. ಬಿ.ಎಸ್‌ಸಿ. ಓದುತ್ತಿದ್ದೇನೆ. ಹೊಳೆ ನೀರಿನ ಮಟ್ಟ ದಾಖಲಿಸಲು ಹಳೆಯದೊಂದು ರಾಸ್ಪ್‌ಬೆರಿ ಪೈ 3 ತಂದು ಸೆನ್ಸರ್ ಜೋಡಿಸಿದೆ. ವೇಳೆ ನಾಲ್ಕೂವರೆ ತಾಸು ಹಿಂದೆ ತೋರಿಸುತ್ತದೆ. ಕರೆಂಟ್ ಹೋಗಿ ಬಂದರೆ ಇನ್ನೂ ಹಿಂದೆ. ಪಾಸ್‌ವರ್ಡ್ ಅದರ ಕೀಬೋರ್ಡಿನಲ್ಲಿ ಒತ್ತಿದರೆ ಒಪ್ಪುತ್ತದೆ, ಮೊಬೈಲಿನಿಂದ ಒಪ್ಪುವುದಿಲ್ಲ. ‘ರೊಕ್ಕ ಹೊಳ್ಯಾಗ ಹಾಕಿದಿ’ ಅಂತ ಅಪ್ಪ ಬೈಯುತ್ತಾರೆ. ಬೋರ್ಡ್ ಕೆಟ್ಟಿದೆಯೇ ಸರ್?

ಉತ್ತರ: ಇಲ್ಲ ತಮ್ಮಾ, ಬೋರ್ಡಿಗೆ ಏನೂ ಆಗಿಲ್ಲ. ಅದು ಬ್ರಿಟನ್ನಿನಲ್ಲಿ ಹುಟ್ಟಿದ್ದು, ನೀನು ಬೇರೆ ಹೇಳುವವರೆಗೂ ತಾನು ಅಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ. ನಾಲ್ಕೂವರೆ ತಾಸು ಅಂತ ಸರಿಯಾಗಿ ಬರೆದದ್ದು ಒಳ್ಳೆಯದಾಯಿತು. ಅಲ್ಲಿ ಈಗ ಬೇಸಿಗೆಯ ವೇಳೆ, ಹಾಗಾಗಿ ಲಂಡನ್ ನಮಗಿಂತ ಅಷ್ಟೇ ಹಿಂದೆ. ಹಾಗೇ ಬಿಟ್ಟಿದ್ದರೆ ಅಕ್ಟೋಬರ್ ಕೊನೆಗೆ ಐದೂವರೆ ಆಗುತ್ತಿತ್ತು. ಟರ್ಮಿನಲ್‌ನಲ್ಲಿ ‘ಸುಡೋ ರಾಸ್ಪಿ-ಕಾನ್ಫಿಗ್’ ಕೊಟ್ಟು ಲೋಕಲೈಸೇಶನ್ ಒಳಗೆ ಹೋಗು. ಟೈಮ್‌ಜೋನ್‌ಗೆ ಏಷ್ಯಾ, ಕೋಲ್ಕತಾ. ವೈಫೈ ದೇಶ ಇಂಡಿಯಾ. ಭಾಷೆಯನ್ನು ಮಾತ್ರ ಸದ್ಯ ಇಂಗ್ಲಿಷಿನಲ್ಲೇ ಇಡು. ಎರರ್ ಬಂದಾಗ ಅದೇ ಸಾಲನ್ನು ಹುಡುಕಿದರೆ ಉತ್ತರ ಸಿಗುತ್ತದೆ. ಕನ್ನಡ ಓದಲು ಗುಬ್ಬಿ, ನವಿಲು ಫಾಂಟ್ ಹಾಕಿಕೊಂಡರೆ ಸಾಕು.

ಪಾಸ್‌ವರ್ಡಿನ ಜಗಳವೂ ಅಲ್ಲಿಂದಲೇ ಬಂದದ್ದು. ನಿನ್ನ ಪಾಸ್‌ವರ್ಡಿನಲ್ಲಿ @ ಇರಬೇಕು, ಅಲ್ಲವೇ? ನಮ್ಮ ಅಂಗಡಿಗಳಲ್ಲಿ ಸಿಗುವುದು ಅಮೆರಿಕನ್ ಜೋಡಣೆಯ ಕೀಬೋರ್ಡ್. ಬ್ರಿಟಿಷ್ ಜೋಡಣೆಯಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ @ ಬರುವುದಿಲ್ಲ, ಜೋಡಿ ಉದ್ಧರಣ ಚಿಹ್ನೆ (") ಬರುತ್ತದೆ. ಪಾಸ್‌ವರ್ಡ್ ತೆರೆಯ ಮೇಲೆ ಕಾಣುವುದಿಲ್ಲವಾದ್ದರಿಂದ ನಿನಗೆ ಗೊತ್ತಾಗಲಿಲ್ಲ, ಉಳಿದದ್ದು ಆ ಚಿಹ್ನೆಯೇ. ಈಗಲೇ ಮೊಬೈಲಿನಲ್ಲಿ @ ಬದಲು " ಹಾಕಿ ನೋಡು, ಬಾಗಿಲು ತೆರೆಯುತ್ತದೆ. ಆಮೇಲೆ ಕೀಬೋರ್ಡನ್ನು ಯುಎಸ್ ಮಾಡಿ, ಚಿಹ್ನೆಗಳ ಗೊಡವೆಯಿಲ್ಲದ ಉದ್ದನೆಯ ಹೊಸ ಪಾಸ್‌ವರ್ಡ್ ಇಟ್ಟುಕೋ.

ಕರೆಂಟ್ ಹೋದಾಗ ವೇಳೆ ಹಿಂದೆ ಬೀಳುವುದು ಬೇರೆ ಸಂಗತಿ, ನಿನ್ನ ಕೆಲಸಕ್ಕೆ ದೊಡ್ಡದು ಇದೇ. ಪೈ 3ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಹಿಂದೆ ಬರೆದಿಟ್ಟುಕೊಂಡ ವೇಳೆಯಿಂದ ಮತ್ತೆ ಎಣಿಕೆ ಶುರುಮಾಡಿ, ಇಂಟರ್‌ನೆಟ್ ಸಿಕ್ಕ ಮೇಲೆ ಸರಿಮಾಡಿಕೊಳ್ಳುತ್ತದೆ. ನಿನ್ನ ಮೊಬೈಲ್ ಹಾಟ್‌ಸ್ಪಾಟೇ ಅದರ ನೆಟ್ ಆಗಿದ್ದರೆ, ನೀನು ಗಂಗಾವತಿಗೆ ಕಾಲೇಜಿಗೆ ಹೋದಷ್ಟೂ ಹೊತ್ತು ಅದು ತಪ್ಪು ವೇಳೆಯನ್ನೇ ಬರೆಯುತ್ತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಕ್ರಸ್ಟ್‌ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಅಂಥ ರಾತ್ರಿಯಲ್ಲಿ ನೀರು ಎಷ್ಟು ಏರಿತು ಅನ್ನುವುದರಷ್ಟೇ ಎಷ್ಟು ಗಂಟೆಗೆ ಏರಿತು ಅನ್ನುವುದೂ ಬೇಕು.

ಡಿಎಸ್3231 ಅಂತ ಕೇಳು, ಗುಂಡಿ ಬ್ಯಾಟರಿ ಇರುವ ಸಣ್ಣ ಗಡಿಯಾರದ ಮಾಡ್ಯೂಲ್, ದುಬಾರಿಯಲ್ಲ. ಪೈ ಆರಿಸಿ, ಪ್ಲಗ್ ತೆಗೆದು ಜೋಡಿಸು. ಇಂಟರ್‌ಫೇಸ್ ಪಟ್ಟಿಯಲ್ಲಿ ಐ2ಸಿ ಆನ್ ಮಾಡಿ, ಕಾನ್ಫಿಗ್ ಕಡತದಲ್ಲಿ ಈ ಗಡಿಯಾರದ ಓವರ್‌ಲೇ ಸಾಲು ಸೇರಿಸು. ವೇಳೆ ಸರಿಯಿರುವಾಗ ಒಮ್ಮೆ ‘ಸುಡೋ ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು’ ಕೊಟ್ಟು ಅದರಲ್ಲಿ ಬರೆಸು. ಇಷ್ಟಾದ ಮೇಲೆ ಹಾಟ್‌ಸ್ಪಾಟ್ ಇಲ್ಲದೆಯೇ ಪ್ಲಗ್ ಕಿತ್ತು, ಅರ್ಧ ತಾಸು ಬಿಟ್ಟು ಹಾಕಿ ಪರೀಕ್ಷಿಸು. ಹಾಗಂತ ದಿನವೂ ಪ್ಲಗ್ ಕೀಳಬೇಡ, ಎಸ್‌ಡಿ ಕಾರ್ಡ್ ಹಾಳಾಗುತ್ತದೆ. ‘ಸುಡೋ ಪವರ್‌ಆಫ್’ ಕೊಟ್ಟು ಆರಿಸು. ತೆರೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡಿದರೆ ಚಾರ್ಜರ್ ಸಾಲುತ್ತಿಲ್ಲ ಅಂತ ತಿಳಿ.

ಇದನ್ನೇ ನಂಬಿಕೊಂಡು ಹೊಳೆದಂಡೆಯಲ್ಲಿ ಮಾತ್ರ ಮಲಗಬೇಡ. ಡ್ಯಾಮಿನಿಂದ ನೀರು ಬಿಡುತ್ತಾರೆ ಅಂತ ತಾಲ್ಲೂಕಿನಿಂದ ಸುದ್ದಿ ಬಂದರೆ ಪೈ ಏನೇ ತೋರಿಸಲಿ, ಮೇಲೆ ಹೋಗಿಬಿಡು.

ಈವರೆಗಿನ ದಾಖಲೆ ಅಳಿಸಬೇಡ. ಮೊದಲ ಸಲ ಕರೆಂಟ್ ಹೋಗುವವರೆಗಿನ ಸಾಲುಗಳಿಗೆ ನಾಲ್ಕೂವರೆ ತಾಸು ಕೂಡಿಸಿದರೆ ಉಪಯೋಗಕ್ಕೆ ಬರುತ್ತವೆ. ಅಲ್ಲಿಂದ ಮುಂದಿನವನ್ನು ಬೇರೆ ಕಡತಕ್ಕೆ ಹಾಕಿ, ‘ವೇಳೆ ನಂಬುವಂತಿಲ್ಲ’ ಅಂತ ಮೇಲೆ ಬರೆದಿಡು.