ಸಂಜೆ ಬನ್ನಿ, ಮಗ ಇರ್ತಾನೆ

ನಾವು ಶೇಂಗಾ ಕೀಳೋಕೆ ಹೋದ ಹೊತ್ತಲ್ಲಿ ಇಬ್ಬರು ಮನೆಗೆ ಬಂದರು. ಜಗಲಿ ಮೇಲೆ ಎಂಬತ್ತರ ಹತ್ತಿರದ ಅಪ್ಪ ಒಬ್ಬನೇ. 'ಯಜಮಾನ್ರೇ' ಅಂತ ಕಾಲು ಮುಟ್ಟಿ, ಅಂಗಳದ ಮಣ್ಣನ್ನು ಲೋಟದಲ್ಲಿ ಕಲಸಿ, ಏನೋ ಹನಿ ಬಿಟ್ಟು ಕೆಂಪು ಮಾಡಿ ತೋರಿಸಿದರಂತೆ. ನಾನಿದ್ದರೂ ಬೆರಗಾಗ್ತಿದ್ದೆನೇನೋ. 'ಭೂಮಿ ಸತ್ತಿದೆ, ಈ ದರ ಇವತ್ತಿಗೆ ಮಾತ್ರ, ಜೀಪು ಹೊರಟಿದೆ' ಎಂದು ನಾಲ್ಕು ಡಬ್ಬಿ ಗೊಬ್ಬರ ಕೊಟ್ಟು 6,000 ರೂಪಾಯಿ ಒಯ್ದರು. ಬಿಲ್ಲಿಲ್ಲ.

ಅಪ್ಪನ ಮೇಲೆ ರೇಗಿದೆ. ಅದು ನನ್ನ ತಪ್ಪು. ಕೊಂಡದ್ದು ಆರು ಡಬ್ಬಿ, ಬೈಗುಳಕ್ಕೆ ಹೆದರಿ ಎರಡನ್ನು ಬಣವೆಯಲ್ಲಿ ಮುಚ್ಚಿಟ್ಟಿದ್ದ ಅಂತ ತಿಂಗಳ ಮೇಲೆ ತಿಳೀತು.

ಮಣ್ಣು ಪರೀಕ್ಷೆ ಲೋಟದಲ್ಲಿ ಆಗೋದಲ್ಲ. ಹೊಲದ ಎಂಟು-ಹತ್ತು ಕಡೆ ಆರಿಂಚು ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಪ್ರಯೋಗಾಲಯಕ್ಕೆ ಕೊಡಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಗೊಬ್ಬರ ಮಾರುವವರು ಬಿಲ್ ಕೊಡಲೇಬೇಕು. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ ಇದ್ದರೆ ದೂರಿಗೆ ಬಲ.

ಮನೆಗೆ ಬಂದವರಿಗೆ ಇಲ್ಲ ಅನ್ನೋಕೆ ಹಿರಿಯರಿಗೆ ಸಂಕೋಚ. ಅದಕ್ಕೆ ಅಪ್ಪನ ಜೊತೆ ಕೂತು ಒಂದು ಮಾತು ಗೊತ್ತು ಮಾಡಿಕೊಂಡೆವು: 'ಸಂಜೆ ಬನ್ನಿ, ಮಗ ಇರ್ತಾನೆ.' ಈ ವರ್ಷ ಎರಡು ಸಲ ಹೇಳಿದ್ದಾನೆ. ಸಂಜೆ ಯಾರೂ ಬರಲಿಲ್ಲ.