ನಿಮ್ಮ ಮಾತು ನಿಮ್ಮದಾಗಿಯೇ ಇರಲಿ

ಹಳ್ಳಿಯಿಂದ, ಕೇರಿಯಿಂದ, ಬೇರೆ ಮನೆಮಾತಿನಿಂದ ಬಂದು ನಗರದ ತರಗತಿಯಲ್ಲಿ ಬಾಯಿ ಕಟ್ಟಿಕೊಂಡು ಕೂತಿರುವ ಹುಡುಗ, ಹುಡುಗಿಯರೇ, ಈ ಮಾತು ನಿಮಗೆ. ಉಚ್ಚಾರಕ್ಕೆ ಯಾರೋ ನಕ್ಕರೆಂದು ಮೊದಲು ನಾವು ಬಿಡುವುದೇ ನಮ್ಮ ಮಾತನ್ನು. ದಯವಿಟ್ಟು ಬಿಡಬೇಡಿ.

ದೇವನೂರ ಮಹಾದೇವ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ‘ಕುಸುಮಬಾಲೆ’ ಬರೆದರು. ಆ ಪುಟ್ಟ ಕಾದಂಬರಿ ಓದಲು ಕಷ್ಟವೆಂದವರಿದ್ದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ನನಗೆ ದೊಡ್ಡದೆನಿಸುವುದು, ಓದುಗರೇ ಆ ಮಾತಿನ ಬಳಿಗೆ ನಡೆದು ಹೋಗಬೇಕಾಯಿತು ಎಂಬುದು. ಇನ್ನು ಕವಿ ಬೇಂದ್ರೆಯವರ ಮನೆಮಾತು ಮರಾಠಿ. ಆದರೂ ಧಾರವಾಡದ ಕನ್ನಡಕ್ಕೆ ಅವರಷ್ಟು ನಾದ ತಂದವರು ಯಾರಿದ್ದಾರೆ?

ಹಾಗಾಗಿ ಅಜ್ಜಿ ಆಡಿದ್ದನ್ನು ಆಡಿದ ಹಾಗೆಯೇ ಬರೆದಿಡಿ, ತಿದ್ದಬೇಡಿ. ಬರೆದದ್ದನ್ನು ಗಟ್ಟಿಯಾಗಿ ಓದಿ. ಎಲ್ಲಿ ಇನ್ನೊಬ್ಬರ ದನಿ ಹೊಕ್ಕಿದೆಯೋ ಅಲ್ಲಿ ನಾಲಿಗೆ ತಡವರಿಸುತ್ತದೆ. ಜೊತೆಗೆ ಪುಸ್ತಕದ ಕನ್ನಡವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಿರಿ, ಪರೀಕ್ಷೆಗೆ, ಕೆಲಸಕ್ಕೆ ಅವು ಬೇಕೇ ಬೇಕು. ನಗದೆ ಕೇಳುವ ಒಬ್ಬರನ್ನಾದರೂ ಹುಡುಕಿಕೊಳ್ಳಿ: ಗೆಳತಿ, ಮೇಷ್ಟ್ರು, ಗ್ರಂಥಾಲಯದವರು, ಯಾರಾದರೂ ಸರಿ. ಮೊದಲ ಪುಟವನ್ನು ಅವರಿಗೇ ಓದಿ ಹೇಳಿ.