ಅರ್ಥ ಹೇಳಿದವರಿಗೆ ಅಂಕ

ಬೇಸಿಗೆ ರಜೆಯಲ್ಲಿ ಉಮ್ಮತ್ತೂರಿನ ಮಕ್ಕಳಿಗೆ ನಾನು ಪದ ಕಟ್ಟುವ ಆಟ ಆಡಿಸುತ್ತೇನೆ. ಹಾಸೂ ರಟ್ಟಿನದೇ, ಬಿಲ್ಲೆಯೂ ರಟ್ಟಿನದೇ. ಬಿಲ್ಲೆಯ ಮೇಲೆ ಮೂಲಾಕ್ಷರ ಮಾತ್ರ ಇರುತ್ತದೆ. ಗುಣಿತ, ಒತ್ತು ಬೇಕಾದರೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳಬೇಕು. ಪತ್ರಿಕೆಯ ಪದಬಂಧದಂತೆ ಒಂದು ಮನೆಗೆ ಒಂದು ಅಕ್ಷರ. ಆಡುವುದು ಸುಲಭ, ‘ಇದೂ ಒಂದು ಪದವಾ?’ ಎಂಬ ಜಗಳ ಬಿಡಿಸುವುದು ಕಷ್ಟ. ಬಿಡಿಸುತ್ತ ಬಿಡಿಸುತ್ತ ನಾನು ಕಲಿತದ್ದು ಇಷ್ಟು.

ಯಾವ ನಿಘಂಟು ಪ್ರಮಾಣ ಎಂಬುದನ್ನು ಮೊದಲ ಬಿಲ್ಲೆ ಇಡುವ ಮುಂಚೆಯೇ ಒಪ್ಪಿಕೊಳ್ಳಬೇಕು. ನಾವು ಕನ್ನಡ ಸಾಹಿತ್ಯ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ಇಟ್ಟುಕೊಳ್ಳುತ್ತೇವೆ. ಅದರಲ್ಲಿ ಸಿಗದಿದ್ದರೆ ಮೊಬೈಲಿನಲ್ಲಿ ‘ಅಲರ್’ ತೆರೆಯುತ್ತೇವೆ. ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಆ ಕೋಶ 2019ರಿಂದ ಎಲ್ಲರಿಗೂ ಉಚಿತ. ಹಳೆಯ ಪದವಾದರೆ 1894ರ ಕಿಟೆಲ್ ಕೋಶ, ಇಲ್ಲವೇ ಪರಿಷತ್ತಿನ ಎಂಟು ಸಂಪುಟಗಳ ‘ಕನ್ನಡ ನಿಘಂಟು’. ದೊಡ್ಡ ನಿಘಂಟಿನಲ್ಲಿ ಅರ್ಥದ ಜೊತೆ ಕಾವ್ಯ, ಶಾಸನಗಳ ಪ್ರಯೋಗವೂ ಇರುವುದರಿಂದ ವಾದ ಬೇಗ ಮುಗಿಯುತ್ತದೆ.

ಹುಡುಕುವುದಕ್ಕೂ ದಾರಿ ಗೊತ್ತಿರಬೇಕು. ‘ಮರವನ್ನು’, ‘ಮರದಿಂದ’ ನಿಘಂಟಿನಲ್ಲಿ ಸಿಗುವುದಿಲ್ಲ, ‘ಮರ’ ಸಿಗುತ್ತದೆ. ವಿಭಕ್ತಿ ಹಚ್ಚಿದ ರೂಪಗಳನ್ನೆಲ್ಲ ಒಪ್ಪಿಕೊಂಡರೆ ಒಂದೇ ಪದ ಹಾಸನ್ನೆಲ್ಲ ತುಂಬಿಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಮೂಲರೂಪಕ್ಕೆ ಮಾತ್ರ ಅಂಕ. ‘ಪಾಲು’ ಎಂದರೆ ಭಾಗ ಎಂದಷ್ಟೇ ಮಕ್ಕಳು ಬಲ್ಲರು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದದ್ದನ್ನು ತಿಳಿಸಿದರೆ, ಹಾಲಿಗೂ ಒಂದು ಕಾಲದಲ್ಲಿ ಅದೇ ಹೆಸರಿತ್ತೆಂದು ತಾವೇ ಕಂಡುಕೊಳ್ಳುತ್ತಾರೆ.

ಪದ ಸಿಕ್ಕ ಕೂಡಲೇ ಪುಸ್ತಕ ಮುಚ್ಚಬಾರದು. ‘ಕಣ’ ತೆಗೆದು ನೋಡಿ. ರಾಗಿ ಒಕ್ಕುವ ಕಣ ನಮ್ಮ ದೇಶ್ಯ ಪದ. ಅಣುವಿನಷ್ಟು ಚಿಕ್ಕದಾದ ಕಣ ಸಂಸ್ಕೃತದಿಂದ ಬಂದದ್ದು. ಅಕ್ಷರ ಒಂದೇ, ಹುಟ್ಟು ಬೇರೆ. ಚುನಾವಣಾ ಕಣ ಯಾವ ಸಾಲಿಗೆ ಸೇರುತ್ತದೆ ಎಂದು ಕೇಳಿದರೆ ಮಕ್ಕಳು ಅರ್ಧ ಗಂಟೆ ಚರ್ಚಿಸುತ್ತಾರೆ. ಆ ಅರ್ಧ ಗಂಟೆಗಾಗಿಯೇ ನಾನು ಆಟ ಆಡಿಸುವುದು.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಊರ ಮಾತಿನ ವಿಷಯದಲ್ಲಿ. ‘ಬ್ಯಾಡ’ ಎಂಬುದು ‘ಬೇಡ’ದ ಇನ್ನೊಂದು ಉಚ್ಚಾರ, ‘ಬೇಡ’ ಎಂದೇ ಹುಡುಕಬೇಕು. ‘ಹಟ್ಟಿ’ಯ ಮಾತು ಬೇರೆ. ಚಿತ್ರದುರ್ಗದ ಕಡೆ ಗೊಲ್ಲರ ಊರು ಹಟ್ಟಿ. ನಮ್ಮ ಚಾಮರಾಜನಗರ ಸೀಮೆಯಲ್ಲಿ ವಾಸದ ಮನೆಯೇ ಹಟ್ಟಿ. ಕೈಯಲ್ಲಿರುವ ಕೋಶದಲ್ಲಿ ಈ ಅರ್ಥ ಇಲ್ಲವೆಂದು ಮಗುವಿನ ಪದ ತಳ್ಳಿಹಾಕಿದರೆ ಅದರ ಮನೆಮಾತನ್ನೇ ತಳ್ಳಿಹಾಕಿದಂತೆ. ಅದಕ್ಕೇ ಒಂದು ನಿಯಮ ಮಾಡಿಕೊಂಡೆವು: ಬೇರೆ ಬೇರೆ ಬೀದಿಯ ಇಬ್ಬರು ಹಿರಿಯರು, ಒಬ್ಬರಿಗೊಬ್ಬರು ಕೇಳಿಸದಂತೆ, ಒಂದೇ ಅರ್ಥ ಹೇಳಿದರೆ ಪದ ಒಪ್ಪಿಗೆ. ಅಚ್ಚಿನ ಸಾಕ್ಷಿ ಬೇಕೆಂದರೆ ದೇವನೂರ ಮಹಾದೇವರ ‘ಕುಸುಮಬಾಲೆ’ ಇದೆ. ಈ ಕಡೆಯ ಆಡುಮಾತು 1984ರಲ್ಲೇ ಅಲ್ಲಿ ಸಾಹಿತ್ಯವಾಗಿದೆ.

ಇಂಗ್ಲಿಷಿನ ಸ್ಕ್ರ್ಯಾಬಲ್ ಸ್ಪರ್ಧೆಗಳಲ್ಲಿ ಪದ ಪಟ್ಟಿಯಲ್ಲಿದ್ದರೆ ಸಾಕು, ಅರ್ಥ ಯಾರೂ ಕೇಳುವುದಿಲ್ಲ. ನ್ಯೂಜಿಲೆಂಡಿನ ನೈಜಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದಿದ್ದರೂ ಪದಪಟ್ಟಿಯನ್ನು ಕಂಠಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲಿನ ವಿಶ್ವ ಪ್ರಶಸ್ತಿಯನ್ನೇ ಗೆದ್ದರು. ಅವರ ನೆನಪಿನ ಶಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ನಮ್ಮ ಮಕ್ಕಳಿಗೆ ಆ ದಾರಿ ಬೇಡ. ಇಟ್ಟ ಪದದ ಅರ್ಥ ಹೇಳಿ, ಅದನ್ನು ಒಂದು ವಾಕ್ಯದಲ್ಲಿ ಬಳಸಿದವರಿಗೇ ಇಲ್ಲಿ ಅಂಕ. ನಿಮ್ಮೂರಲ್ಲೂ ಆಡಿಸಿ, ನಿಘಂಟನ್ನು ಮಕ್ಕಳ ಕೈಗೇ ಕೊಡಿ, ಅದರಲ್ಲಿಲ್ಲದ ಊರ ಪದಗಳನ್ನು ಅವರಿಂದಲೇ ಒಂದು ನೋಟ್ ಪುಸ್ತಕದಲ್ಲಿ ಬರೆಸಿಡಿ.